ಎಸಿ ಯಜಮಾನರು

ನಮ್ಮ ಕಡೆ ಎಸಿ ಅಂದರೆ ಹುಣಸೂರಿನಲ್ಲಿ ಕೂರುವ ಉಪವಿಭಾಗಾಧಿಕಾರಿ. ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಎಲ್ಲಿಯದೇ ಜಮೀನಿನ ತಕರಾರಾಗಲಿ, ಸುತ್ತಿ ಬಳಸಿ ಹೋಗಿ ನಿಲ್ಲುವುದು ಅವರ ಮೇಜಿನ ಮುಂದೆ. ಹಾಗಾಗಿ ಅಂತರಸಂತೆಯ ಟೀ ಅಂಗಡಿಯಲ್ಲಿ ನಮ್ಮೂರ ಯಜಮಾನರು "ನಾಳೆ ನಮ್ಮನೆಗೆ ಎಸಿ ಬತ್ತದೆ ಕನ್ರಪ್ಪ" ಅಂದ ಮರುದಿನ ಬೆಳಿಗ್ಗೆ ಎಂಟಕ್ಕೇ ಅವರ ಜಗಲಿಯ ಮೇಲೆ ಮೂರು ಜನ ಅರ್ಜಿ ಹಿಡಿದು ಕೂತಿದ್ದರು. ಸಾಹೇಬರನ್ನು "ಬತ್ತದೆ" ಅನ್ನುವಷ್ಟು ಸಲಿಗೆ ಇದೆಯಲ್ಲ ಇವರಿಗೆ ಎಂಬ ಗೌರವದಲ್ಲಿ ಒಬ್ಬನಂತೂ ಎಳನೀರನ್ನೂ ತಂದಿದ್ದ. ಹತ್ತು ಗಂಟೆಗೆ ಗೂಡ್ಸ್ ಆಟೋದಲ್ಲಿ ಎರಡು ರಟ್ಟಿನ ಪೆಟ್ಟಿಗೆ ಬಂದಿಳಿದವು. ಎಳನೀರನ್ನು ಆಟೋದವನು ಕುಡಿದ.

ಅದು 2023. ಶುಂಠಿಗೆ ಬಂಗಾರದ ಬೆಲೆ ಬಂದು, 60 ಕೆಜಿ ಚೀಲವನ್ನು ಜನ ಕಳ್ಳರಿಂದ ಕಾಯುತ್ತಿದ್ದ ವರ್ಷ. ಯಜಮಾನರಿಗೂ ಕೈತುಂಬ ದುಡ್ಡು ಸಿಕ್ಕಿತು. ಬೇರೆಯವರು ಆ ದುಡ್ಡಲ್ಲಿ ಕಾರು ತಂದರು, ಬೋರು ಕೊರೆಸಿದರು. ಇವರು ಮಾತ್ರ ಎಂದೋ ಕಾರಾಪುರದ ಕಡೆಯ ರೆಸಾರ್ಟೊಂದರಲ್ಲಿ ತರಕಾರಿ ಲೆಕ್ಕಕ್ಕೆಂದು ಹತ್ತು ನಿಮಿಷ ಕಾದು ನಿಂತಾಗ ಮೈಗೆ ತಾಗಿದ ಆ ತಣ್ಣನೆ ಗಾಳಿಯನ್ನು ಮರೆತಿರಲಿಲ್ಲ. ಕಬಿನಿ ಹಿನ್ನೀರಿನ ಗಾಳಿ ಪುಕ್ಕಟೆ ಬೀಸುವ ಊರಿಗೆ ಒಂದೂವರೆ ಟನ್ನಿನ, ಐದು ಸ್ಟಾರಿನ ಎಸಿ ಬಂತು.

ಅದೇ ವರ್ಷ, ಆಗಸ್ಟ್‌ನಿಂದ, ಗೃಹಜ್ಯೋತಿಯ ಸೊನ್ನೆ ಕರೆಂಟು ಬಿಲ್ಲೂ ಬಂತು. ಅಲ್ಲಿ ನೋಡಿ ಕೆಟ್ಟದ್ದು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟು ಯೂನಿಟ್ಟು ಉಚಿತ, ಅದೂ 200ರ ಒಳಗಿದ್ದರೆ. ಯಜಮಾನರ ಸರಾಸರಿ 60, ಹಾಗಾಗಿ ಸಿಕ್ಕಿದ್ದು 66. ಎಸಿ ಹಾಕಿದರೆ ಗಂಟೆಗೆ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ಯೂನಿಟ್ಟು. ಅವರು ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದರು. ಆಮೇಲೆ ರಿಮೋಟಿನಿಂದ ಎರಡೂ ಸೆಲ್ಲು ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದರು. ಸೊನ್ನೆ ಬಿಲ್ಲನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು.

ಹಾಗಂತ ಎಸಿಯನ್ನು ಕಡೆಗಣಿಸಿದರು ಅನ್ನಬೇಡಿ. ಉಪಯೋಗಿಸದ ವಸ್ತುವಿಗೆ ನಮ್ಮವರು ಮಾಡುವ ಉಪಚಾರ ಉಪಯೋಗಿಸುವುದಕ್ಕೆ ಎಲ್ಲಿದೆ? ದಿನಾ ರಾಗಿ ಬೀಸುವ ಮಿಲ್ಲಿನ ಬೆಲ್ಟು ಹರಿದಾಗಲೇ ನೆನಪಾಗುವುದು. ಷೋಕೇಸಿನ ಗಾಜಿನ ಲೋಟಕ್ಕೆ ಮಾತ್ರ ವಾರಕ್ಕೊಮ್ಮೆ ಅಭ್ಯಂಜನ. ಶಿವರಾತ್ರಿ ಕಳೆದು ಬಿಸಿಲು ಚುರುಕಾಯಿತೆಂದರೆ ಯಜಮಾನರು ಕೋಟೆಯ ಮೆಕ್ಯಾನಿಕ್ ಹುಡುಗನಿಗೆ ಫೋನು ಹಚ್ಚುತ್ತಾರೆ. "ಮಗಾ, ಸೀಸನ್ ಬಂತು. ಸರ್ವೀಸು."

ಹುಡುಗ ಬೈಕಿನ ಹಿಂದೆ ಪ್ರೆಶರ್ ಪಂಪು ಕಟ್ಟಿಕೊಂಡು ಬರುತ್ತಾನೆ. ಅವನ ಮೊದಲ ಕೆಲಸ ಏಣಿ ಹುಡುಕುವುದು. ಔಟ್‌ಡೋರ್ ಯೂನಿಟ್ಟು ಜಗಲಿಯ ಪಕ್ಕದ ಗೋಡೆಯಲ್ಲಿ, ಕರೆಂಟಿನ ಮೀಟರಿನ ಮೇಲುಗಡೆ, ಹತ್ತಡಿ ಎತ್ತರದಲ್ಲಿದೆ. ಹಿತ್ತಲ ಬಾಳೆಗೆ ಒಮ್ಮೆ ಆನೆ ಬಂದಿತ್ತು, ಅದಕ್ಕೆ ಸೊಂಡಿಲು ಎಟುಕಬಾರದು ಎಂದು. ಆನೆ ಮತ್ತೆ ಬರಲಿಲ್ಲ. ಕಡಜ ಬಂತು, ಅದಕ್ಕೆ ಏಣಿ ಬೇಕಿಲ್ಲ. ನೀರು ಇಳಿಯುವ ಡ್ರೈನ್ ಪೈಪಿನ ಬಾಯಿಗೆ ಮಣ್ಣು ಮೆತ್ತಿ ಮನೆ ಕಟ್ಟಿತು. ಈ ಸಲ ಒಳಗಿನ ಬೋರ್ಡಿನ ಬಳಿ ಹಲ್ಲಿಯೊಂದು ಒಣಗಿ ಕೂತಿತ್ತು. ಔಟ್‌ಡೋರಿಗೆ ಯಜಮಾನರು ಹೊದಿಸಿದ್ದ ಗೊಬ್ಬರದ ಚೀಲದೊಳಗೆ ಇಲಿ ಬಾಣಂತನ ಮುಗಿಸಿತ್ತು.

"ಗೌಡ್ರೆ, ಓಡ್ಸಿ ಕೆಡೋ ಎಸಿಗಿಂತ ಓಡಿಸ್ದೆ ಕೆಡೋವೇ ಜಾಸ್ತಿ. ತಿಂಗಳಿಗೊಂದ್ಸಲ ಹತ್ತು ನಿಮಿಷ ಆದ್ರೂ ಹಾಕಿ" ಎಂದ ಹುಡುಗ.

"ಹತ್ತು ನಿಮಿಷ್ಕೆ ಎಷ್ಟು ಯೂನಿಟ್ಟು?"

ಹುಡುಗ ಉತ್ತರ ಕೊಡದೆ ಫಿಲ್ಟರ್ ಕಳಚಿದ. ಹೋದ ವರ್ಷ ತಾನೇ ತೊಳೆದಿಟ್ಟ ಹಾಗೇ ಇತ್ತು. ದಿನಾ ಓಡುವ ಎಸಿಯ ಫಿಲ್ಟರನ್ನು ಎರಡು ಮೂರು ವಾರಕ್ಕೊಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಧೂಳು ಕಟ್ಟಿ ಗಾಳಿ ಆಡದೆ ಕಾಯಿಲ್ಲಿನ ಮೇಲೆ ಮಂಜು ಕೂರುತ್ತದೆ. ಇಲ್ಲಿ ಆ ಭಯವಿಲ್ಲ. ಆದರೂ ಯಜಮಾನರು ಬಿಡುವವರಲ್ಲ. "ಸಂದೀಲಿ ತೊಳಿ, ಸಂದೀಲಿ" ಎಂದು ಟಾರ್ಚು ಹಿಡಿದು ನಿಂತರು. ಔಟ್‌ಡೋರಿನಿಂದ ಮಾತ್ರ ಮಾನಂತವಾಡಿ ರಸ್ತೆಯ ಕೆಂಧೂಳು, ಹತ್ತಿಯ ಎಳೆ ಎಲ್ಲ ಸೇರಿ ಬೆಲ್ಲದ ಪಾಕದಂತೆ ಇಳಿಯಿತು. ಯಜಮಾನರ ಹೆಂಡತಿ ಗೌಡಮ್ಮ ಅಡುಗೆಮನೆಯಿಂದ ಇಣುಕಿ ನನಗೆ ಹೇಳಿದರು: "ನೋಡಪ್ಪ, ನನ್ ಬೆನ್ನುಜ್ಜೋಕೆ ಈ ಮನೇಲಿ ಯಾರೂ ಇಲ್ಲ."

ನೋಡಲು ಬಂದವರಿಗೆಲ್ಲ ಕುತೂಹಲ ಆ ಒಂದೂವರೆ ಟನ್ನಿನ ಮೇಲೆ. ಕಬ್ಬಿನ ಲೋಡಿನ ಲೆಕ್ಕ ಬಲ್ಲವರು, ಗೋಡೆ ಹೇಗೆ ತಡೆದುಕೊಂಡಿದೆ ಎಂದು ಕೇಳುತ್ತಾರೆ. ಹುಡುಗ ಬಿಡಿಸಿ ಹೇಳಿದ: ಅದು ತೂಕವಲ್ಲ. ಹಿಂದೆ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಅಳತೆ. ಅಮೆರಿಕದವರ ಒಂದು ಟನ್ನು, ಅಂದರೆ ಸುಮಾರು 907 ಕೆಜಿ ಮಂಜು, 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಎಳೆದುಕೊಳ್ಳುತ್ತದೋ ಅಷ್ಟು. "ಎಸಿ ಚಳಿ ತಯಾರ್ ಮಾಡಲ್ಲ ಗೌಡ್ರೆ. ಒಳಗಿನ ಸೆಕೆ ಎತ್ತಿ ಹೊರಕ್ಕೆ ಹಾಕ್ತದೆ, ಅಷ್ಟೆ." ಯಜಮಾನರು ತಲೆದೂಗಿದರು. ಈ ಮಾತು ಅವರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂಬುದು ನನಗೆ ಆಮೇಲೆ ತಿಳಿಯಿತು.

ಇನ್ನೊಂದು ವಿಷಯ ಅವರಿಗೆ ಹೇಳಿದವನು ನಾನು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು ಈ ಯಂತ್ರದ ಮೂಲಪುರುಷನನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ, ಬ್ರೂಕ್ಲಿನ್ನಿನ ಒಂದು ಛಾಪಖಾನೆಯಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಕೂರದೆ ಹೋಗುತ್ತಿದ್ದುದಕ್ಕೆ. ಯಜಮಾನರ ಮುಖ ಅರಳಿತು. ಎಸಿ ಇರುವ ಕೋಣೆಯ ಬೀರುವಿನಲ್ಲಿ ಅವರ ಪಹಣಿ, ಕ್ರಯಪತ್ರ, ಸೊಸೈಟಿಯ ಬಾಂಡು ಎಲ್ಲ ಇವೆ. "ಅಂಗಾರೆ ನಾನೂ ಸರಿಯಾಗೇ ಇಕ್ಕಿವ್ನಿ ಬುಡು" ಎಂದರು.

ಕೊನೆಗೆ ಪರೀಕ್ಷೆ. ಗ್ಯಾಸಿನ ಒತ್ತಡ ನೋಡಲು ಎಸಿ ಕಾಲು ಗಂಟೆ ಓಡಲೇಬೇಕು. ಗಡಿಯಾರದ ಸೆಲ್ಲು ರಿಮೋಟಿಗೆ ಬಂತು, ಮನೆಯಲ್ಲಿ ಕಾಲ ನಿಂತಿತು. 2020ರಿಂದ ಹೊಸ ಎಸಿಗಳೆಲ್ಲ ಹಾಕಿದೊಡನೆ ತೋರಿಸುವುದು 24 ಡಿಗ್ರಿ, ಸರ್ಕಾರದ ಅಪ್ಪಣೆ. ಸರ್ಕಾರದ್ದು ದುಂದು ಎನಿಸಿ ಯಜಮಾನರು ಅದನ್ನು 28ಕ್ಕೆ ಏರಿಸಿದರು. ಹುಡುಗ ಮತ್ತೆ ಇಳಿಸಿದ. ತಣ್ಣನೆ ಗಾಳಿ ಬಂತು. ನಾವೆಲ್ಲ ಕೋಣೆಯಲ್ಲಿ ಹಾಯಾಗಿ ಕೂತೆವು, ಯಜಮಾನರು ಮಾತ್ರ ಹೊರಗೆ ಮೀಟರಿನ ಮುಂದೆ ನಿಂತು ಮಿಣುಕುವ ಕೆಂಪು ದೀಪವನ್ನು ಎಣಿಸುತ್ತಿದ್ದರು.

"ಗ್ಯಾಸು ಸರಿಯಾಗದೆ ಗೌಡ್ರೆ."

"ವರ್ಷಾಯ್ತಲ್ಲ ಮಗಾ, ಒಸಿ ತುಂಬಿಬುಡು."

"ಇದು ಅಡುಗೆ ಸಿಲಿಂಡರ್ ಅಲ್ಲ, ಖರ್ಚಾಗಕ್ಕೆ. ತಾಮ್ರದ ಪೈಪಲ್ಲಿ ಅದೇ ಗ್ಯಾಸು ಸುತ್ತುತಿರ್ತದೆ. ಲೀಕಾದ್ರೆ ಮಾತ್ರ ತುಂಬ್ಸೋದು."

ಖರ್ಚಾಗದ ಗ್ಯಾಸು ಎಂಬ ಮಾತಿಗೆ ಯಜಮಾನರ ಕಣ್ಣು ಒದ್ದೆಯಾಯಿತು. ಈ ಹುಡುಗನಿಗೆ ಸಾವಿರಾರು ರೂಪಾಯಿ ಗ್ಯಾಸಿನ ಹೆಸರಲ್ಲಿ ಕೀಳುವ ಅವಕಾಶ ಕಾಲಿಗೇ ಬಿದ್ದಿತ್ತು. ಅವನು ಒದ್ದು ಹೋದ. ಅವನಿಗೊಂದು ಗೊನೆ ಬಾಳೆಕಾಯಿ ಸಿಕ್ಕಿತು.

ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಭರಣಿ ಮಳೆ ಇನ್ನೂ ಹುಟ್ಟಿರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಸಂಜೆ ಆರಕ್ಕೆ ಕಾಡಿನ ಗೇಟು ಬಿದ್ದ ಮೇಲೆ ಕೇರಳದ ಲಾರಿಗಳ ಸದ್ದೂ ಇಲ್ಲ. ಆ ಮೌನದಲ್ಲಿ ಮಗು ಸೀದಾ ಗಡಿಯಾರದಿಂದ ಸೆಲ್ಲು ತೆಗೆದು ಎಸಿ ಹಾಕಿ ಮಲಗಿತು. ಯಜಮಾನರು ಏನೂ ಅನ್ನಲಿಲ್ಲ. ಚಾಪೆ ತೆಗೆದುಕೊಂಡು ಹೊರಗೆ ಹೋದರು.

ಬೆಳಿಗ್ಗೆ ನಾನು ಹಾಲಿಗೆ ಹೊರಟಾಗ ಮೀಟರಿನ ಕೆಳಗೆ, ಬರಿಮೈಯಲ್ಲಿ, ಬೆವರು ಸುರಿಸುತ್ತ ಕೂತಿದ್ದರು.

"ಏನ್ ದೊಡ್ಡಪ್ಪ, ಎಸಿ ಹೆಂಗದೆ?"

"ಪಸಂದಾಗದೆ ಕನಪ್ಪ. ಒಳಗಿನ ಸೆಕೆಯೆಲ್ಲ ರಾತ್ರಿಯೆಲ್ಲ ನನ್ ನೆತ್ತಿ ಮ್ಯಾಲೇ ಬತ್ತಿತ್ತು. ಹುಡ್ಗ ಸರ್ವೀಸು ಶಾನೆ ಚೆನ್ನಾಗ್ ಮಾಡವ್ನೆ."