ಗೇರ್ ಬಾಕ್ಸಿನಲ್ಲಿ ತಂಬುಳಿ

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂದು ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವನು ನಾನು. ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ನಾಲ್ಕು ಚಮಚ ತೆಂಗಿನೆಣ್ಣೆ. ಚೆನ್ನಾಗಿ ಕದಡಿ ಎರಡು ನಿಮಿಷ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದು, ಏನೂ ಆಗಿಲ್ಲವೆಂಬಂತೆ ಕೂತಿರುತ್ತಿತ್ತು. ಹಿಂದಿನ ಬೆಂಚಿನವರಿಗೂ ಅರ್ಥವಾಗುತ್ತಿದ್ದ ನನ್ನ ಏಕೈಕ ಪಾಠ ಅದು. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಬಿಡದೇ ಕದಡ್ತಾ ಇದ್ರೆ?" ಎಂದು ಕೇಳಿದ್ದ. ಅಧಿಕಪ್ರಸಂಗ ಬೇಡ, ಕೂತ್ಕೋ ಎಂದಿದ್ದೆ.

ಅದಕ್ಕೆ ಉತ್ತರ ನಿವೃತ್ತನಾದ ಮೂರನೇ ವರ್ಷ, ಮೇ ತಿಂಗಳ ಒಂದು ಬೆಳಿಗ್ಗೆ, ನಮ್ಮ ಮನೆಯ ಅಂಗಳದಲ್ಲೇ ಸಿಕ್ಕಿತು. ದೋಣಿಯ ಎಂಜಿನ್ನನ್ನು ಮರದ ಸ್ಟ್ಯಾಂಡಿಗೆ ಕಟ್ಟಿ, ಮಳೆಗಾಲಕ್ಕೆ ಮುಂಚೆ ಎಣ್ಣೆ ಬದಲಿಸೋಣವೆಂದು ಕೆಳಗಿನ ತಿರುಪು ಬಿಚ್ಚಿದೆ. ಬಂದದ್ದನ್ನು ಎಣ್ಣೆ ಎನ್ನುವಂತಿರಲಿಲ್ಲ, ನೀರು ಎನ್ನುವಂತೆಯೂ ಇರಲಿಲ್ಲ. ಬೂದುಬಿಳಿ ಬಣ್ಣದ ಮಂದವಾದ ಏನೋ ಒಂದು, ಯಾವ ಅವಸರವೂ ಇಲ್ಲದೆ ಪಾತ್ರೆಗೆ ಇಳಿಯತೊಡಗಿತು.

"ಬೆಳಿಗ್ಗೆ ಬೆಳಿಗ್ಗೆ ಎಂತ ತಂಬುಳಿ ಮಾರಾಯ್ರೆ?" ಎನ್ನುತ್ತ ಹೊರಬಂದ ಹೆಂಡತಿ, ವಾಸನೆ ಮೂಗಿಗೆ ಬಡಿದ ಮೇಲೆ ಒಳಗಿದ್ದುದು ತಂಬುಳಿಯಲ್ಲವೆಂದೂ, ಪಾತ್ರೆ ಮಾತ್ರ ತನ್ನ ತಂಬುಳಿಯದೇ ಎಂದೂ ಗುರುತು ಹಿಡಿದಳು. ಆಮೇಲಿನ ಹತ್ತು ನಿಮಿಷದ ಮಾತುಕತೆಗೂ ಎಂಜಿನ್ನಿಗೂ ಸಂಬಂಧವಿಲ್ಲವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ನನಗೆ ದೋಣಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಅವಳೂ ಕೇಳಿದ್ದಳು. ನಮ್ಮ ಮನೆ ಗಂಗೊಳ್ಳಿ ಅಳಿವೆಯಿಂದ ಸ್ವಲ್ಪ ಒಳಗೆ, ಹೊಳೆಯ ದಂಡೆಯಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂದು ಐದು ಹೊಳೆಗಳು ಒಟ್ಟಾಗಿ ಬಂದು ಕಡಲಿಗೆ ಸೇರುವ ಜಾಗ. ಅಷ್ಟು ನೀರು ಎದುರಿಗೇ ಇರುವಾಗ ಒಂದು ದೋಣಿಯೂ ಇಲ್ಲದೆ ಬದುಕುವುದು ಮದುವೆಮನೆಗೆ ಹೋಗಿ ಊಟ ಮಾಡದೇ ಬಂದಂತೆ ಎಂದು ಅವಳಿಗೆ ಹೇಳಿ ನೋಡಿದೆ. ಕೊನೆಗೆ ಹಳೆಯದೊಂದು ಪುಟ್ಟ ದೋಣಿ, ಅದಕ್ಕಿಂತ ಹಳೆಯದೊಂದು 9.9 ಕುದುರೆಶಕ್ತಿಯ ಎಂಜಿನ್ನು ಬಂತು. ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ಜಾತಿಯದು. ಹತ್ತು ಕುದುರೆಗೆ ಒಂದು ದಶಾಂಶ ಕಡಿಮೆ ಯಾಕೆಂದು ಮೊದಲು ತಲೆ ಕೆಡಿಸಿಕೊಂಡಿದ್ದೆ. ನಮ್ಮ ಕರಾವಳಿಯಲ್ಲಿ ಆ ದಶಾಂಶಕ್ಕೆ ಬೆಲೆಯುಂಟು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹತ್ತು ಕುದುರೆಯೊಳಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಇಷ್ಟಕ್ಕೂ ನಾನು ಮಳೆಗಾಲದಲ್ಲಿ ಕಡಲಿಗಿಳಿಯುವ ಗಂಡಸಲ್ಲ. ಆದರೂ ಇಳಿಯಬಹುದಿತ್ತು ಎಂಬ ಸಮಾಧಾನ ಸಣ್ಣದಲ್ಲ.

ದೋಣಿಯ ಬೆನ್ನಿಗೆ ಕಟ್ಟುವ ಈ ಎಂಜಿನ್ನನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಬಗ್ಗೆ ತಕರಾರಿದೆ. ಅದರಿಂದ ಚೆನ್ನಾಗಿ ದುಡ್ಡು ಮಾಡಿದ ಮೊದಲಿಗ ಓಲೆ ಎವಿನ್‌ರೂಡ್ ಎನ್ನುವುದರಲ್ಲಿ ಇಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು. ಬೇಸಿಗೆಯಲ್ಲೊಂದು ದಿನ ಪ್ರೇಯಸಿ ಬೆಸ್‌ಗೆ ಐಸ್‌ಕ್ರೀಮ್ ತರಲೆಂದು ಹುಟ್ಟು ಹಾಕಿಕೊಂಡು ಸರೋವರದ ಆಚೆ ದಡಕ್ಕೆ ಹೋದನಂತೆ. ಬೆವರಿಳಿಸಿಕೊಂಡು ವಾಪಸ್ಸು ಬರುವಷ್ಟರಲ್ಲಿ ಐಸ್‌ಕ್ರೀಮ್ ಪಾಯಸವಾಗಿತ್ತಂತೆ. ಆ ಸಂಕಟವೇ 1909ರಲ್ಲಿ ಮಿಲ್ವಾಕಿಯಲ್ಲಿ ಒಂದೂವರೆ ಕುದುರೆಯ ಎಂಜಿನ್ನಾಗಿ ಮಾರಾಟಕ್ಕೆ ಬಂತು. ಬೆಸ್ ಅಷ್ಟರಲ್ಲಿ ಹೆಂಡತಿಯಾಗಿದ್ದಳು, ವ್ಯವಹಾರವನ್ನೂ ಜಾಹೀರಾತನ್ನೂ ಅವಳೇ ನೋಡಿಕೊಂಡಳು. ಈ ಕಥೆಯನ್ನು ನಮ್ಮವಳಿಗೆ ಭಾವಪೂರ್ಣವಾಗಿ ಹೇಳಿದೆ. "ಅವ ಹೆಂಡ್ತಿಗೆ ಐಸ್‌ಕ್ರೀಮ್ ತಂದ. ನೀವು ಹೆಂಡ್ತಿ ಪಾತ್ರೆ ತಕಂಡ್ ಹೋದ್ರಿ" ಎಂದಳು.

ದೋಣಿ ತಂದ ಮೇಲೆ ನನ್ನ ಬದುಕಿನಲ್ಲಿ ನಡೆದ ಒಂದೇ ಒಂದು ಮಹತ್ವದ ಘಟನೆಯನ್ನು ಇಲ್ಲೇ ಹೇಳಿಬಿಡಬೇಕು. ಹಿಂದಿನ ದೀಪಾವಳಿಯ ಮರುದಿನ, ಸಂಜೆ. ಎಂಜಿನ್ನನ್ನು ಗೇರಿನಲ್ಲೇ ಬಿಟ್ಟು, ಆಮೆಯ ನಡಿಗೆಯಲ್ಲಿ ದೋಣಿ ಓಡಿಸುತ್ತ, ಹಿಂದೆ ಗಾಳ ಬಿಟ್ಟುಕೊಂಡು ಹೊರಟಿದ್ದೆ. ಹಸಿರು ಬಣ್ಣದ ಹೊಸ ತಂಗೂಸಿ. ಈ ಬಣ್ಣ ಮೀನಿನ ಕಣ್ಣಿಗೆ ಕಾಣುವುದಿಲ್ಲವೆಂದು ಅಂಗಡಿಯವರು ಹೇಳಿ ಕೊಟ್ಟದ್ದು. ದೋಣಿ ತಿರುಗಿಸುವಾಗ ಫಕ್ಕನೆ ಒಂದು ಎಳೆತ! ಕೈಯ ಚರ್ಮ ಕಿತ್ತುಹೋಗುವ ಹಾಗೆ ತಂಗೂಸಿ ದೋಣಿಯ ಅಡಿಗೆ ಸರ್ರನೆ ಓಡಿತು, ಬಿಗಿಯಿತು, ಫಟ್ ಎಂದು ತುಂಡಾಯಿತು. ಕೆಂಬೇರಿ. ಬೇರೆ ಮೀನು ಹಾಗೆ ಎಳೆಯುವುದಿಲ್ಲ. ಅಂದು ರಾತ್ರಿ ಹೆಂಡತಿಗೆ ಹೇಳುವಾಗ ನಾಲ್ಕು ಕೆಜಿ ಇತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ಏಳು, ಶಿವರಾತ್ರಿಗೆ ಹನ್ನೊಂದು. ಹಿಡಿದ ಮೀನು ಬೆಳೆಯುವುದಿಲ್ಲ, ತಪ್ಪಿಸಿಕೊಂಡದ್ದು ಬೆಳೆಯುತ್ತದೆ, ನಾನೇನು ಮಾಡಲಿ?

ಈಗ ತಂಬುಳಿಯ ವಿಷಯ. ಈ ಎಂಜಿನ್ನಿಗೆ ತಲೆ ಮೇಲೆ, ಉದ್ದದ ಕಾಲೊಂದು ನೀರಿನೊಳಗೆ. ಕಾಲಿನ ತುದಿಗೆ ಪಾದದಂತಿರುವುದೇ ಗೇರ್ ಬಾಕ್ಸು. ಮೇಲಿಂದ ಇಳಿದು ಬರುವ ನೆಟ್ಟಗಿನ ಶಾಫ್ಟು ಅಲ್ಲಿ ಹಲ್ಲುಗಾಲಿಗಳ ಮೂಲಕ ಅಡ್ಡ ಶಾಫ್ಟನ್ನು ತಿರುಗಿಸುತ್ತದೆ. ಅದರ ತುದಿಯಲ್ಲಿ ಫ್ಯಾನು. ಹಲ್ಲುಗಳು ಸವೆಯದ ಹಾಗೆ ದೊಡ್ಡ ಲೋಟದಷ್ಟು 90 ನಂಬರಿನ ಗೇರ್ ಆಯಿಲ್. ಹೊರಗೆ ಇಡೀ ಅರಬ್ಬಿ ಸಮುದ್ರ, ಒಳಗೆ ಒಂದು ಲೋಟ ಎಣ್ಣೆ. ಇವೆರಡರ ನಡುವೆ ಕಾವಲಿಗೆ ಇರುವುದು ಮಕ್ಕಳ ಬಳೆಯಂಥ ರಬ್ಬರಿನ ಆಯಿಲ್ ಸೀಲುಗಳು. ಫ್ಯಾನಿನ ಶಾಫ್ಟಿಗೆ ಎರಡು ಸೀಲು, ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಒಂದು ಒಳಗಿನ ಎಣ್ಣೆ ಹೊರಗೆ ಹೋಗದ ಹಾಗೆ, ಇನ್ನೊಂದು ಹೊರಗಿನ ನೀರು ಒಳಗೆ ಬರದ ಹಾಗೆ. ಮದುವೆಯಾದ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದವರಿಗೆ ಈ ಏರ್ಪಾಡು ಬೇಗ ಅರ್ಥವಾಗುತ್ತದೆ.

ಕಾವಲು ತಪ್ಪಿ ನೀರು ಒಳಗೆ ಬಂದರೆ, ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುವ ಗೇರುಗಳು ಅದನ್ನೂ ಎಣ್ಣೆಯನ್ನೂ ಬಿಡದೇ ಕಡೆಯುತ್ತವೆ. ಎರಡು ನಿಮಿಷ ಬಿಟ್ಟು ನೋಡುವ ವ್ಯವಧಾನ ಗೇರಿಗಿಲ್ಲ. ಹಿಂದಿನ ಬೆಂಚಿನವನ ಪ್ರಶ್ನೆಗೆ ಇದೇ ಉತ್ತರ: ತಂಬುಳಿ.

ನೀರು ಎಲ್ಲಿಂದ ಬಂತು ಎನ್ನುವುದಕ್ಕೆ ದಕ್ಕೆಯಲ್ಲಿ ತಲೆಗೊಂದು ಅಭಿಪ್ರಾಯ. ಎಣ್ಣೆಯೇ ಕಲಬೆರಕೆ ಎಂದರು ಒಬ್ಬರು. ಕಣ್ಣುದೃಷ್ಟಿ, ನಿಂಬೆಹಣ್ಣು ಕಟ್ಟಿ ಎಂದರು ಇನ್ನೊಬ್ಬರು. "ಮಾಷ್ಟ್ರೆ, ಮಾರಿಬಿಡಿ" ಎಂದವರು ಸ್ವತಃ ಎಂಜಿನ್ನು ಹುಡುಕುತ್ತಿದ್ದವರು. ವಿಜ್ಞಾನದ ಮೇಷ್ಟ್ರಾದ ನಾನು ಊಹಾಪೋಹಕ್ಕೆ ಸೊಪ್ಪು ಹಾಕಲಿಲ್ಲ. ಪ್ರಯೋಗಕ್ಕೆ ಇಳಿದೆ.

ಹೊಸ ಎಣ್ಣೆ ತುಂಬಿದೆ. ತುಂಬುವುದು ಕೆಳಗಿನ ತೂತಿನಿಂದ; ಮೇಲಿನ ತೂತಿನಲ್ಲಿ ಎಣ್ಣೆ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ತುಂಬಿತೆಂದು ನಾವು ಮೋಸಹೋಗುತ್ತೇವೆ. ಹೊಳೆಯಲ್ಲಿ ಒಂದು ಸುತ್ತು ಹೋಗಿ ಬಂದು, ಇಡೀ ರಾತ್ರಿ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿದೆ. ನೀರು ಎಣ್ಣೆಗಿಂತ ಭಾರ. ಬೆರೆಯದೇ ಉಳಿದ ನೀರು ಬೆಳಗಾಗುವಷ್ಟರಲ್ಲಿ ತಳ ಸೇರಿರುತ್ತದೆ. ಬೆಳಿಗ್ಗೆ ಕೆಳಗಿನ ತಿರುಪನ್ನು ಸ್ವಲ್ಪವೇ ಸಡಿಲಿಸಿದರೆ ಮೊದಲು ಬಂದದ್ದು ಎಣ್ಣೆಯಲ್ಲ, ಆರೇಳು ಹನಿ ನೀರು. ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಹಿಂದೆಯೇ ಬಂದ ಎಣ್ಣೆಯನ್ನು ಪ್ರನಾಳದಲ್ಲಿ ಹಿಡಿದು, ತಾರೀಕು ಬರೆದು, ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಬರೀ ಗಾಳಿಯ ನೊರೆಯಾದರೆ ನಿಂತಲ್ಲೇ ಇಳಿದು ಎಣ್ಣೆ ತಿಳಿಯಾಗುತ್ತದೆ. ನೀರಾದರೆ ಬಿಳಿಚಿಕೊಂಡೇ ಇರುತ್ತದೆ. ವಾರದಲ್ಲಿ ಐದು ಪ್ರನಾಳ ಸಾಲುಗಟ್ಟಿದವು. ಆರನೆಯದಕ್ಕೆ ಅವಳು ಕಿಟಕಿಯನ್ನೇ ಮುಚ್ಚಿದಳು.

ತಪ್ಪಿತಸ್ಥರು ತಿರುಪುಗಳ ಎರಡು ವಾಷರುಗಳೇ ಎಂದು ನಾನು ತೀರ್ಮಾನಿಸಿದೆ. ಪ್ರತಿ ಸಲ ಬಿಚ್ಚಿದಾಗ ಹೊಸದು ಹಾಕಬೇಕಾದ, ಅಗ್ಗದ, ಸಣ್ಣ ಉಂಗುರಗಳು. ನಾನು ಹಳೆಯದನ್ನೇ ಒರೆಸಿ ಒರೆಸಿ ಹಾಕಿದ್ದೆ. ಬದಲಿಸಿದೆ. ದಕ್ಕೆಯಲ್ಲಿ ಎಲ್ಲರಿಗೂ ನನ್ನ ಖರ್ಚಿನಲ್ಲಿ ಚಹಾ ಕುಡಿಸಿದೆ. ಮರುದಿನ ಮತ್ತೆ ತಂಬುಳಿ.

ಕೊನೆಗೆ ಎಂಜಿನ್ನಿನ ಪಾದವನ್ನು ಕಳಚಿ, ಗೋಣಿಯಲ್ಲಿ ಸುತ್ತಿ, ಪ್ರನಾಳಗಳ ಸಮೇತ ರಿಕ್ಷಾದಲ್ಲಿ ಮೆಕ್ಯಾನಿಕ್ಕಿನ ಶೆಡ್ಡಿಗೆ ಒಯ್ದೆ. ಮೆಕ್ಯಾನಿಕ್ಕು ಬೇರಾರೂ ಅಲ್ಲ, ಬಿಡದೇ ಕದಡಿದರೇನು ಎಂದು ಕೇಳಿದ ಹಿಂದಿನ ಬೆಂಚಿನವನೇ. ಪ್ರನಾಳಗಳನ್ನು ಗಂಭೀರವಾಗಿ ನೋಡಿ, "ಚೆಂದ ಇತ್ತ್ ಸರ್" ಎಂದು ಬದಿಗಿಟ್ಟ. "ಗಾಳಿ ಹಾಕಿ ಕಾಂಬ."

ಎಣ್ಣೆ ಖಾಲಿ ಮಾಡಿ, ಮೇಲಿನ ತೂತಿಗೆ ಮೀಟರು ಕೂರಿಸಿದ ಕೈಪಂಪು ಸಿಕ್ಕಿಸಿ ಹತ್ತು ಪೌಂಡಿನಷ್ಟು ಒತ್ತಡ ಕೊಟ್ಟ. ಇನ್ನೂ ಹಾಕಿದರೆ ಬೇಗ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ಜಾಸ್ತಿಯಾದರೆ ಸರಿಯಿದ್ದ ಸೀಲೂ ಹಾರಿಹೋಗುತ್ತದೆ ಎಂದ. ಆಮೇಲೆ ಪಾದವನ್ನು ನೀರಿನ ಡ್ರಮ್ಮಿಗೆ ಇಳಿಸಿದ. ಇಬ್ಬರೂ ಬಗ್ಗಿ ನೋಡಿದೆವು. ತಿರುಪುಗಳ ಹತ್ತಿರ ಏನೂ ಇಲ್ಲ. ನೆಟ್ಟಗಿನ ಶಾಫ್ಟಿನ ಬುಡದಲ್ಲಿ, ಗೇರು ಹಾಕುವ ಸರಳಿನಲ್ಲಿ ಏನೂ ಇಲ್ಲ. ನನಗೆ ಒಳಗೊಳಗೇ ಖುಷಿ. ಅವನು ಫ್ಯಾನನ್ನು ಕೈಯಲ್ಲಿ ಮೆಲ್ಲ ತಿರುಗಿಸಿದ. ಕೆಲವು ಸೀಲು ಶಾಫ್ಟು ನಿಂತಲ್ಲಿ ನಿಯತ್ತಿನಿಂದಿದ್ದು ತಿರುಗುವಾಗ ಮಾತ್ರ ಕೈಕೊಡುತ್ತವಂತೆ. ಅರ್ಧ ಸುತ್ತಿಗೆ ಫ್ಯಾನಿನ ಹಿಂದಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು, ಅಸೆಂಬ್ಲಿ ಮುಗಿದ ಮೇಲೆ ಕ್ಲಾಸಿಗೆ ಹೋಗುವ ಮಕ್ಕಳ ಹಾಗೆ ಮೇಲೆ ಬಂದವು.

ಗಾಳಿ ಹೊರಬರುವ ದಾರಿಯಲ್ಲೇ ನೀರು ಒಳಗೆ ಹೋಗುವುದು. ಓಡಿ ಬಿಸಿಯಾದ ಪಾದ ತಣ್ಣನೆ ಹೊಳೆಯಲ್ಲಿ ನಿಂತಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಹೀರಿಕೊಳ್ಳುತ್ತದೆ. ದುಡಿಯುವಾಗ ಇಲ್ಲದ ಕಾಯಿಲೆ ವಿಶ್ರಾಂತಿಗೆ ಕೂತಾಗ ಬರುವುದು ಪಿಂಚಣಿದಾರರಿಗೆ ಹೊಸತಲ್ಲ.

ನಟ್ಟು ಬಿಚ್ಚಿ ಅವನು ಫ್ಯಾನನ್ನು ಎಳೆದ. ಶಾಫ್ಟಿನ ಬುಡದಲ್ಲಿ, ಸೀಲಿಗೆ ಒತ್ತಿಕೊಂಡು, ಹಕ್ಕಿಗೂಡಿನಂತೆ ಏನೋ ಸುತ್ತಿತ್ತು. ತಂಗೂಸಿ ಫ್ಯಾನಿಗೆ ಸಿಕ್ಕರೆ ಹೀಗೆ ಹಿಂದೆ ಹೋಗಿ ಸೇರಿಕೊಂಡು, ತಿರುಗಿದ ಹಾಗೆಲ್ಲ ಬಿಗಿದು ರಬ್ಬರಿನ ತುಟಿಯನ್ನು ಕೊಯ್ಯುತ್ತದೆ, ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ ಎಂದು ವಿವರಿಸುತ್ತ ಅವನು ಚೂರಿಯಿಂದ ಒಂದೊಂದೇ ಸುತ್ತು ಬಿಡಿಸಿದ. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಬಣ್ಣ ನೋಡುತ್ತಿದ್ದೆ. ಹಸಿರು.

ಕೊನೆಯ ಸುತ್ತಿನಲ್ಲಿ ಸೀಸದ ಗುಂಡು ಬಂತು. ಅದರ ಜೊತೆಗೆ ತುಕ್ಕು ಹಿಡಿದ, ಕೊಕ್ಕೆ ಒಂದಿಷ್ಟೂ ನೆಟ್ಟಗಾಗದ ಗಾಳ.

ಶೆಡ್ಡಿನಲ್ಲಿ ಇನ್ನೂ ಮೂವರಿದ್ದರು. ಮೂವರೂ ಕೆಂಬೇರಿ ಕಥೆಯನ್ನು ಬೇರೆ ಬೇರೆ ತೂಕದಲ್ಲಿ ಕೇಳಿದ್ದವರು. ಯಾರೂ ನಗಲಿಲ್ಲ, ಕುಂದಾಪುರದ ಕಡೆಯವರು ಮೇಷ್ಟ್ರಿಗೆ ಎದುರೆದುರೇ ನಗುವುದಿಲ್ಲ. ಹಿಂದಿನ ಬೆಂಚಿನವನು ಮಾತ್ರ ಗೇರ್ ಬಾಕ್ಸನ್ನು ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ತೂಗುವಂತೆ ಮೆಲ್ಲ ತೂಗಿ ನೋಡಿದ.

"ಹನ್ನೊಂದ್ ಕೆಜಿ ಅಂದದ್ ಸರಿಯೇ ಇತ್ತ್ ಸರ್."

ಶಾಫ್ಟಿನ ಮೇಲೆ ಉಗುರು ಓಡಿಸಿ, ಗೀರು ಆಳಕ್ಕೆ ಬಿದ್ದಿಲ್ಲವೆಂದು ಖಚಿತ ಮಾಡಿಕೊಂಡು ಎರಡೂ ಸೀಲು ಬದಲಿಸಿದ. ಮತ್ತೆ ಡ್ರಮ್ಮು, ಮತ್ತೆ ಗಾಳಿ. ಹದಿನೈದು ನಿಮಿಷ ಕಾದರೂ ಒಂದು ಗುಳ್ಳೆಯಿಲ್ಲ. ಲೆಕ್ಕವನ್ನು ಬೀಡಿಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟ. ದುಡ್ಡು ಕೊಟ್ಟು, ನೋಡದೇ ಜೇಬಿಗೆ ಹಾಕಿಕೊಂಡೆ.

ರಾತ್ರಿ ಅಂಗಿ ಒಗೆಯಲು ತೆಗೆದವಳ ಕೈಗೆ ಆ ಚೀಟಿ ಸಿಕ್ಕಿತು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು: ಸೀಲು ಎರಡು, ವಾಷರು ಎರಡು, ಗೇರ್ ಆಯಿಲ್, ಮೀನು ಬಿಡಿಸಿದ ಮಜೂರಿ.

ಅವಳು ಒಮ್ಮೆ ಚೀಟಿಯನ್ನು ನೋಡಿದಳು, ಒಮ್ಮೆ ಫ್ರಿಜ್ಜಿನ ಕಡೆ ನೋಡಿದಳು.

"ಹೋಯ್, ಮೀನೆಲ್ಲಿ?"