ಸ್ಟಾರ್ ಹೋಟೆಲಿನಲ್ಲಿ ಚಕ್ಕುಲಿ

ಐಷಾರಾಮಿ ಹೋಟೆಲಿನಲ್ಲಿ ಮೊದಲ ರಾತ್ರಿ ಅರ್ಧ ಕಳೆಯುವುದು ದೀಪ ಆರಿಸುವುದರಲ್ಲೇ. ಮಂಚದ ಪಕ್ಕದ ಸ್ವಿಚ್ ಒತ್ತಿದರೆ ಪರದೆ ಸರಿಯುತ್ತದೆ, ಇನ್ನೊಂದು ಒತ್ತಿದರೆ ಬಚ್ಚಲು ಬೆಳಗುತ್ತದೆ. ದುಬೈಯಾಗಲಿ ಸಿಂಗಪುರವಾಗಲಿ, ಮಿನಿಬಾರಿನ ಗೋಡಂಬಿಗೆ ನಮ್ಮವರು ದೂರದಿಂದಲೇ ಕೈಮುಗಿದು ಸೂಟ್‌ಕೇಸಿನಿಂದ ಚಕ್ಕುಲಿ ಡಬ್ಬಿ ತೆಗೆಯುತ್ತಾರೆ. ಜಾಣತನವೇ ಅನ್ನಿ. ಕೆಲವೆಡೆ ಮಿನಿಬಾರಿಗೆ ಸೆನ್ಸರ್ ಇರುತ್ತದೆ. ಬೆಲೆ ಓದಲೆಂದು ಪೊಟ್ಟಣ ಎತ್ತಿದರೂ ಬಿಲ್ಲಿಗೆ ಬೀಳಬಹುದು!

ನಮ್ಮಲ್ಲೂ ವೈಭವಕ್ಕೇನು ಕಮ್ಮಿ? ಮೈಸೂರಿನ ಲಲಿತಮಹಲನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ್ದು ವೈಸ್‌ರಾಯ್ ಇಳಿದುಕೊಳ್ಳಲೆಂದು. 1974ರಲ್ಲಿ ಅದು ಹೋಟೆಲಾಯಿತು, ಕಾಸಿದ್ದವರೆಲ್ಲ ವೈಸ್‌ರಾಯರಾದರು. ಅಲ್ಲಿ ಅಮೃತಶಿಲೆ, ತೂಗುದೀಪಗಳನ್ನೆಲ್ಲ ದಾಟಿ ನೆಟ್ಟಗೆ ಬಚ್ಚಲಿಗೆ ನಡೆದ ನಮ್ಮ ಸೋದರತ್ತೆ, ಬಾತ್‌ಟಬ್ಬಿನೊಳಗೆ ಇಣುಕಿ ಕೇಳಿದ್ದು ಒಂದೇ ಪ್ರಶ್ನೆ: “ಚೊಂಬು ಎಲ್ಲಿಟ್ಟಿದ್ದಾರೋ?”