ಬಿಗಿ ಚಡ್ಡಿ, ಸಡಿಲ ಪೈಜಾಮ

ನಿವೃತ್ತಿಯಾದ ಮೇಲೆ ಮೈಸೂರಿನ ಗಂಡಸು ಬೆಳಗಿನ ಹೊತ್ತು ಮನೆಯಲ್ಲಿರುವಂತಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗಬೇಕು, ಇಲ್ಲವೇ ಚಾಪೆ ಸುತ್ತಿಕೊಂಡು ಯೋಗಕ್ಕೆ ಹೋಗಬೇಕು. ಅಡುಗೆಮನೆ ಬಾಗಿಲಲ್ಲಿ ನಿಂತು ‘ತಿಂಡಿ ಏನು’ ಅಂತ ಮಾತ್ರ ಕೇಳಬಾರದು. ವಾಕಿಂಗಿನಲ್ಲಿ ರಾಜಕೀಯ ಜಾಸ್ತಿ. ಯೋಗಕ್ಕೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಮಗ ಬಿಟ್ಟುಹೋದ ಗೇರ್ ಸೈಕಲ್ಲೊಂದು ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು. ಸೈಕಲ್ಲಿತ್ತು, ಚಾಮುಂಡಿ ಬೆಟ್ಟವಿತ್ತು, ಹೊತ್ತಂತೂ ಬೇಕಾದಷ್ಟಿತ್ತು. ಏನು ತೊಟ್ಟುಕೊಂಡು ತುಳಿಯಬೇಕು ಎಂಬುದೂ ಒಂದು ಪ್ರಶ್ನೆ ಅಂತ ನನಗೆ ಹೊಳೆದಿರಲಿಲ್ಲ.

ಹೊಳೆಯಬೇಕಾದರೂ ಯಾಕೆ? ನಾವು ಕಂಡ ಪೋಸ್ಟ್‌ಮ್ಯಾನ್ ಖಾಕಿ ಪ್ಯಾಂಟಿನಲ್ಲಿ ತುಳಿದ, ಹಾಲಿನವನು ಪಟ್ಟಾಪಟ್ಟಿ ಚಡ್ಡಿ ಕಾಣುವಂತೆ ಲುಂಗಿ ಎತ್ತಿಕಟ್ಟಿ ತುಳಿದ, ನಮ್ಮ ಸಂಸ್ಕೃತದ ಪಂಡಿತರು ಕಚ್ಚೆಪಂಚೆಯಲ್ಲಿ, ಮೇಲೊಂದು ಕೋಟು, ತಲೆಗೊಂದು ಪೇಟ ಸಮೇತ ತುಳಿದರು. ಯಾರ ಬಟ್ಟೆಯೂ ಎಲ್ಲಿಗೂ ಸಿಕ್ಕಿಕೊಳ್ಳಲಿಲ್ಲ. ಅದಕ್ಕೆ ಕಾರಣ ಅವರ ಪುಣ್ಯವಲ್ಲ, ಚೈನ್ ಕವರ್. ಆ ಕಾಲದ ಸೈಕಲ್ಲಿನ ಚೈನಿಗೆ ಮುಂದಿನಿಂದ ಹಿಂದಿನವರೆಗೆ ತಗಡಿನ ಹೊದಿಕೆ ಇರುತ್ತಿತ್ತು. ಈಗಿನ ಗೇರ್ ಸೈಕಲ್ಲಿನಲ್ಲಿ ಚೈನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಪಕ್ಕಕ್ಕೆ ಸರಿಯಬೇಕು. ಹೊದಿಕೆ ಹಾಕಿದರೆ ಅದಕ್ಕೆ ಸರಿಯಲು ಜಾಗವಿಲ್ಲ. ಹಾಗಾಗಿ ಚೈನು ಬೀದಿಗೆ ಬಿದ್ದಿದೆ, ಎಣ್ಣೆ ಬಳಿದುಕೊಂಡು, ಹಲ್ಲು ಕಿರಿದುಕೊಂಡು. ಇಷ್ಟು ತಿಳಿದಿದ್ದೂ ನಾನು ಬಿಳಿ ಪೈಜಾಮ ಜುಬ್ಬ ತೊಟ್ಟು ಹೊರಟೆ. ಗಾಳಿ ಆಡುತ್ತದೆ, ಹಗುರ, ಮೇಲಾಗಿ ಮನೆಯಲ್ಲೇ ಇತ್ತು.

ಅಗ್ರಹಾರದ ಸರ್ಕಲ್ಲಿನಲ್ಲಿ ಸಿಗ್ನಲ್ ಹಸಿರಾಯಿತು. ಬಲಗಾಲು ಒತ್ತಿದೆ. ಪೆಡಲು ಮುಂದೆ ಹೋಯಿತು, ಸೈಕಲ್ಲು ಮುಂದೆ ಹೋಯಿತು, ಪೈಜಾಮ ಮಾತ್ರ ಒಳಗೆ ಹೋಯಿತು.

ಸೈಕಲ್ ನಿಂತಿತು. ಎಡಗಾಲು ನೆಲಕ್ಕೆ ಕೊಟ್ಟೆ. ಇಳಿಯೋಣವೆಂದರೆ ಬಲಗಾಲನ್ನು ಎತ್ತಿ ಸೀಟಿನ ಮೇಲಿಂದ ಈಚೆಗೆ ತರಬೇಕಲ್ಲ, ಅದು ಪೆಡಲಿನ ಪಕ್ಕದಲ್ಲೇ ಸೆರೆಯಾಗಿದೆ. ಪೈಜಾಮದ ಕೆಳತುದಿ ಚೈನಿನ ವಶ, ಮೇಲ್ತುದಿ ಲಾಡಿಯ ವಶ. ಚೈನಿನ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ, ಇದ್ದದ್ದು ಲಾಡಿಯ ಮೇಲೆ. ಆದ್ದರಿಂದ ಒಂದು ಕೈ ಬ್ರೇಕಿನ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ. ಹಿಂದಿನವರು ಹಾರ್ನ್ ಒತ್ತಿದರು. ಟ್ರಾಫಿಕ್ ಪೊಲೀಸಿನವರು ಬಂದು, “ಯಜಮಾನ್ರೇ, ಗಾಡಿ ಸೈಡಿಗ್ ಹಾಕಿ” ಎಂದರು. ಗಾಡಿ ಸೈಡಿಗೆ ಹಾಕುವುದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಆ ಹೊತ್ತಿಗೆ ನಾನೂ ಗಾಡಿಯ ಒಂದು ಬಿಡಿಭಾಗವಾಗಿದ್ದೆ. ಎಡಗಾಲಲ್ಲಿ ಕುಂಟುತ್ತಾ, ಸೈಕಲ್ಲನ್ನು ತೊಡೆಗಳ ನಡುವೆ ಎಳೆಯುತ್ತಾ ಫುಟ್‌ಪಾತಿನ ಅಂಚಿಗೆ ಬಂದೆ. ಬಲಗಾಲು ಪೆಡಲನ್ನು ಒತ್ತಿದಷ್ಟೂ ಚೈನು ಇನ್ನೊಂದು ಬೆರಳಿನಗಲ ಬಟ್ಟೆ ನುಂಗಿತು.

ಮೈಸೂರಿನಲ್ಲಿ ಒಬ್ಬ ಮನುಷ್ಯ ಬೀದಿಯಲ್ಲಿ ಸಿಕ್ಕಿಕೊಂಡರೆ ಸಹಾಯಕ್ಕೆ ಕಮ್ಮಿಯಿಲ್ಲ, ಸಲಹೆಗಂತೂ ಇಲ್ಲವೇ ಇಲ್ಲ. ಒಬ್ಬರು ಚೈನನ್ನೇ ಕಳಚಿ ಎಂದರು. ಇನ್ನೊಬ್ಬರು ಪೈಜಾಮವನ್ನೇ ಕಳಚಿ ಎಂದರು. ಅವರು ಗಂಭೀರವಾಗಿಯೇ ಹೇಳಿದ್ದರು, ಮೇಲೆ ಜುಬ್ಬ ಉದ್ದವಾಗಿದೆ, ಏನೂ ತೊಂದರೆಯಿಲ್ಲ ಎಂಬ ಆಧಾರವನ್ನೂ ಒದಗಿಸಿದರು. ಒಬ್ಬ ಆಟೋದವನು ಮಾತಿನ ಮನುಷ್ಯನಲ್ಲ, ಕೆಲಸದವನು. ಹಿಂದಿನಿಂದ ಬಂದವನೇ ಸೀಟು ಹಿಡಿದು ಹಿಂದಿನ ಚಕ್ರ ಎತ್ತಿ, “ಸ್ವಲ್ಪ ತಡ್ಕೊಳ್ಳಿ ಸಾರ್” ಎಂದು ಪೆಡಲನ್ನು ಜೋರಾಗಿ ಮುಂದಕ್ಕೆ ತಿರುಗಿಸಿದ. ಸೀಟು ಬೆನ್ನಿಗೆ ಗುದ್ದಿತು. ಕಾಲು ಪೆಡಲಿನ ಜೊತೆ ಒಂದು ಸುತ್ತು ಹಾಕಿ ಬಂತು. ಪಾದದ ಹತ್ತಿರ ಇದ್ದ ಸಮಸ್ಯೆ ಮೊಣಕಾಲಿಗೆ ಬಂತು.

ಅಷ್ಟರಲ್ಲಿ ಹೆಲ್ಮೆಟ್ಟಿನ ಒಳಗಿನಿಂದ ಒಂದು ದನಿ: “ಸಾರ್, ನೀವು ಫಿಸಿಕ್ಸ್ ಮೇಷ್ಟ್ರಲ್ವಾ?”

ಹೌದು. ಬಲ, ಚಲನೆ, ಘರ್ಷಣೆ, ಸರಳ ಯಂತ್ರಗಳು ಎಲ್ಲವನ್ನೂ ಪಾಠ ಮಾಡಿದವನು ನಾನೇ. ಹಿಂದಿನ ಚಕ್ರದ ಫ್ರೀವೀಲನ್ನು ಬೋರ್ಡಿನ ಮೇಲೆ ಬರೆದು, ಮುಂದಕ್ಕೆ ತುಳಿದರೆ ಹಿಡಿಯುತ್ತದೆ, ಹಿಂದಕ್ಕೆ ತುಳಿದರೆ ಟಿಕ್ ಟಿಕ್ ಎಂದು ಜಾರಿಕೊಳ್ಳುತ್ತದೆ, ಚಕ್ರಕ್ಕೆ ಏನೂ ಆಗುವುದಿಲ್ಲ ಅಂತ ಹೇಳಿಕೊಟ್ಟವನೂ ನಾನೇ. ಆ ಜ್ಞಾನ ನನ್ನ ತಲೆಯ ಯಾವುದೋ ಮೂಲೆಯಲ್ಲಿ ಭದ್ರವಾಗಿ ಕೂತಿತ್ತು, ಕಾಲಿನವರೆಗೆ ಇಳಿದಿರಲಿಲ್ಲ. ಇಳಿಸಿದವರು ಪಕ್ಕದಲ್ಲೇ ಕುಕ್ಕೆ ಇಟ್ಟುಕೊಂಡು ಕೂತಿದ್ದ ಹೂವಿನಮ್ಮ. ಅಷ್ಟು ಹೊತ್ತೂ ಮಲ್ಲಿಗೆ ಕಟ್ಟುತ್ತಾ, ತಲೆ ಎತ್ತದೆ, ಎಲ್ಲರ ಸಲಹೆ ಕೇಳಿಸಿಕೊಂಡಿದ್ದ ಆಕೆ ಮೊಳ ಹಾಕಿ ಮುಗಿಸಿ ಹೇಳಿದರು: “ಹಿಂದಕ್ ತುಳೀರಿ ಸ್ವಾಮಿ.”

ಹಿಂದಕ್ಕೆ ತುಳಿದೆ. ಟಿಕ್, ಟಿಕ್, ಟಿಕ್. ಹಲ್ಲಿನ ಸಂದಿಯಿಂದ ಪೈಜಾಮ ಗೇಣು ಗೇಣಾಗಿ ಹೊರಗೆ ಬಂತು, ಉದ್ದಕ್ಕೂ ಸಮ ಅಂತರದಲ್ಲಿ ಕಪ್ಪು ಗ್ರೀಸಿನ ಗುರುತು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಜನ ಸ್ವಲ್ಪ ನಿರಾಸೆಯಿಂದಲೇ ಚದುರಿದರು. ನಾನು ಎರಡು ಮೊಳ ಮಲ್ಲಿಗೆ ಕೊಂಡೆ. ಹೂವು ನೋಡಿ ನನ್ನಾಕೆಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ. ಆಮೇಲೆ ಪೈಜಾಮ ನೋಡಿದಳು.

ಹೆಲ್ಮೆಟ್ಟಿನ ಶಿಷ್ಯನಿಗೆ ಸೈಕಲ್ ಸಾಮಾನಿನ ಅಂಗಡಿ ಇತ್ತು. ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ನನ್ನನ್ನು ಕೂರಿಸಿ ಕಾಫಿ ತರಿಸಿ ಗಾಳಿಯ ತಡೆಯ ಬಗ್ಗೆ ಪಾಠ ಹೇಳಿದ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು ಸಾರ್, ಸಡಿಲ ಬಟ್ಟೆ ಪಟಪಟ ಹೊಡೆದುಕೊಂಡರೆ ಆ ಶಕ್ತಿಯೆಲ್ಲಾ ದಂಡ. ನಾನು ಹೇಳಿಕೊಟ್ಟದ್ದನ್ನೇ ನನಗೆ ಇಷ್ಟು ದುಬಾರಿಗೆ ಮಾರಿದವರು ಬೇರಾರೂ ಇಲ್ಲ. ಮೊದಲು ರೇಸಿನವರು ಉಣ್ಣೆಯ ಬಟ್ಟೆಯನ್ನೇ ಹಾಕುತ್ತಿದ್ದರಂತೆ, ಮಳೆಗೆ ನೆನೆದರೆ ಅದು ಜೋಲುತ್ತಿತ್ತು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ, ಎಷ್ಟು ಎಳೆದರೂ ಹಿಂದಕ್ಕೆ ಬರುವ ನೂಲೊಂದನ್ನು ಮಾಡಿದ. ಅದೇ ಲೈಕ್ರಾ. ಅವನು ಅದನ್ನು ಮಾಡುವಾಗ ಮನಸ್ಸಿನಲ್ಲಿದ್ದದ್ದು ಹೆಂಗಸರ ಒಳಉಡುಪು. ನನ್ನ ಹೊಟ್ಟೆ ಖಂಡಿತ ಇರಲಿಲ್ಲ.

ಮರುದಿನ ಬೆಳಗ್ಗೆ ತೊಟ್ಟುಕೊಂಡು ಹಾಲಿಗೆ ಬಂದೆ. ಭುಜದ ಮೇಲೆ ಪಟ್ಟಿ ಬರುವ ಕಪ್ಪು ಚಡ್ಡಿ, ಬೆನ್ನಿಗೆ ಮೂರು ಜೇಬಿನ ಹಳದಿ ಅಂಗಿ.

“ರೀ, ಮೇಲೇನಾದ್ರೂ ಹಾಕ್ಕೊಂಡು ಹೋಗಿ” ಎಂದಳು.

“ಹಾಕ್ಕೊಂಡಿದೀನಲ್ಲೇ!”

“ಹಾಕ್ಕೊಂಡಂಗಿಲ್ಲ. ಬಳ್ಕೊಂಡಂಗಿದೆ.”

ಆ ಚಡ್ಡಿಯ ಕೂರುವ ಜಾಗದಲ್ಲಿ ಒಂದು ದಪ್ಪ ಪ್ಯಾಡ್ ಇರುತ್ತದೆ. ಹಿಂದೆ ಅದನ್ನು ಯುರೋಪಿನ ಗುಡ್ಡಗಾಡಿನ ಮೇಕೆಯಂಥ ಪ್ರಾಣಿಯ ಮೆತ್ತನೆ ತೊಗಲಿನಿಂದ ಮಾಡುತ್ತಿದ್ದರಂತೆ. ಪ್ರಾಣಿಯ ಹೆಸರು ಶಾಮ್ವಾ, ಪ್ಯಾಡಿಗೂ ಅದೇ ಹೆಸರು ಉಳಿದಿದೆ. ಇದರ ಒಳಗೆ ಬೇರೆ ಒಳಚಡ್ಡಿ ಹಾಕಬಾರದು. ಹಾಕಿದರೆ ಅದರ ಹೊಲಿಗೆ ತೊಡೆಗೆ ಉಜ್ಜಿ ಗಾಯ ಮಾಡುತ್ತದೆ, ಪ್ಯಾಡಿಗೆ ಕೊಟ್ಟ ದುಡ್ಡು ದಂಡ. ಈ ಮಾತನ್ನು ಶಿಷ್ಯ ಮೇಷ್ಟ್ರ ಮೇಲಿನ ಗೌರವದಿಂದ ನುಂಗಿಕೊಂಡಿದ್ದ. ಬೆಟ್ಟದ ಅರ್ಧ ದಾರಿಯಲ್ಲಿ ನನಗೆ ತಾನಾಗಿಯೇ ತಿಳಿಯಿತು. ಇನ್ನೊಂದು ಸಂಗತಿ: ಸೈಕಲ್ ಮೇಲೆ ಈ ಪ್ಯಾಡ್ ವರ, ನೆಲದ ಮೇಲೆ ಶಾಪ. ತಿಂಡಿಗೆಂದು ಹೋಟೆಲಿನೊಳಗೆ ಬಾತುಕೋಳಿ ನಡಿಗೆಯಲ್ಲಿ ಹೋದೆ. ಮಾಣಿ ಮಾತಾಡದೆ ಗೋಡೆ ಕಡೆಗಿನ ಕುರ್ಚಿ ತೋರಿಸಿದ.

ಆದರೆ ಮೇಷ್ಟ್ರ ಚಟ ಬಿಡುತ್ತದೆಯೇ? ಮನೆಗೆ ಬಂದು ಕಾಗದ ಪೆನ್ಸಿಲ್ ತೆಗೆದೆ. ಬೆಟ್ಟ ಊರಿನಿಂದ ಸುಮಾರು 300 ಮೀಟರ್ ಮೇಲಿದೆ. ನಾನು ಹತ್ತುವ ವೇಗ ಗಂಟೆಗೆ 8 ಕಿ.ಮೀ. ಆ ವೇಗದಲ್ಲಿ ನನ್ನ ಶ್ರಮದಲ್ಲಿ ನೂರಕ್ಕೆ ಐದು ಪಾಲೂ ಗಾಳಿಗೆ ಹೋಗುವುದಿಲ್ಲ, ಮಿಕ್ಕಿದ್ದರಲ್ಲಿ ಬಹುಪಾಲು ಭೂಮಿಯ ಸೆಳೆತಕ್ಕೆ. ಬಿಗಿ ಬಟ್ಟೆ ಉಳಿಸುವುದು ಆ ಐದರಲ್ಲಿ ಒಂದು ಚೂರು. ಹಿಂದಿನ ರಾತ್ರಿ ಒಂದು ಹೋಳಿಗೆ ಬಿಟ್ಟಿದ್ದರೂ ಅದಕ್ಕಿಂತ ಹೆಚ್ಚು ಮನಸ್ಸಮಾಧಾನ ಸಿಗುತ್ತಿತ್ತು. ಇಳಿಯುವಾಗ ಲೆಕ್ಕ ಬೇರೆ. ಗಂಟೆಗೆ 40 ಕಿ.ಮೀ. ಹೋದರೆ ವೇಗ ಐದು ಪಟ್ಟು, ಗಾಳಿಯ ತಡೆ ಇಪ್ಪತ್ತೈದು ಪಟ್ಟು. ಆದರೆ ಆ ತಿರುವುಗಳಲ್ಲಿ ಎರಡೂ ಬ್ರೇಕ್ ಹಿಡಿದು, ಚಾಮುಂಡೇಶ್ವರಿಯನ್ನು ನೆನೆಯುತ್ತಾ ಇಳಿಯುವ ನನಗೆ ಬೇಕಾದದ್ದೇ ತಡೆ! ಜುಬ್ಬ ಉಬ್ಬಿಕೊಂಡು ಹಿಂದಕ್ಕೆ ಎಳೆದರೆ ಅದಕ್ಕಿಂತ ಉಪಕಾರವಿಲ್ಲ. ಅಂದರೆ ಬಿಗಿ ಅಂಗಿ ನನಗೆ ಹತ್ತುವಾಗ ಪ್ರಯೋಜನವಿಲ್ಲ, ಇಳಿಯುವಾಗ ಅಪಾಯ.

ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ತರುವ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಲೈಕ್ರಾ ಎಂದರೆ ಕೆಲಸದ ಬಟ್ಟೆ. ನನಗೆ ಸಿಟ್ಟು ಬರುವುದು ಲಲಿತಮಹಲ್ ರಸ್ತೆಯಲ್ಲಿ ಸಿಗುವ ನನ್ನಂಥವರ ಮೇಲೆ. ಕಾಲುಚೀಲದ ಎತ್ತರ ಎಷ್ಟಿರಬೇಕೆಂದು ಚರ್ಚಿಸುತ್ತಿರುತ್ತಾರೆ. ಪಂಚೆ ಎತ್ತಿಕಟ್ಟಿ, ಕ್ಯಾರಿಯರಿನಲ್ಲಿ ಎರಡು ಮೂಟೆ ಸೊಪ್ಪು ಹೇರಿಕೊಂಡು, ತಮ್ಮನ್ನು ಹಿಂದೆ ಹಾಕಿಹೋದವನನ್ನು ಅವರು ಸೈಕ್ಲಿಸ್ಟ್ ಎಂದು ಎಣಿಸುವುದೇ ಇಲ್ಲ. ಅವನೂ ಅವರನ್ನು ಎಣಿಸುವುದಿಲ್ಲ ಅನ್ನುವುದೊಂದೇ ಸಮಾಧಾನ.

ಪೈಜಾಮದ ಕಥೆಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ನಕ್ಕಳು. ಆಮೇಲೆ, “ನಂದೂ ಸಿಕ್ಕಿಕೊಂಡಿತ್ತಲ್ಲೋ, ನೆನಪಿದ್ಯಾ?” ಎಂದಳು. ನೆನಪಿತ್ತು. ಮಂಡ್ಯದ ಹತ್ತಿರದ ನಮ್ಮೂರಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಇಬ್ಬರೂ ಒಟ್ಟಿಗೇ ಕಲಿತವರು. ನನಗಿಂತ ಅವಳೇ ಚೆನ್ನಾಗಿ ಬಿಡುತ್ತಿದ್ದಳು. ಒಂದು ದಿನ ಅವಳ ಲಂಗ ಹಿಂದಿನ ಚಕ್ರದ ಕಡ್ಡಿಗೆ ಸುತ್ತಿ ಬಿದ್ದಳು. ಮೊಣಕೈ ತರಚಿತ್ತು, ಅಷ್ಟೆ. ಸಂಜೆ ಜಗಲಿಯ ಮೇಲೆ ಹಿರಿಯರು ಕೂತು ತೀರ್ಮಾನ ಮಾಡಿದರು: ಇನ್ನು ಸೈಕಲ್ ಬೇಡ. ಲಂಗ ಬೇಡ ಎಂದು ಯಾರಿಗೂ ತೋಚಲಿಲ್ಲ. ನನ್ನ ಪೈಜಾಮ ಸಿಕ್ಕಿಕೊಂಡಾಗ ಅರ್ಧ ಅಗ್ರಹಾರವೇ ನಿಂತು ಉಪಾಯ ಹುಡುಕಿತು, ಮರುದಿನಕ್ಕೆ ಹೊಸ ಬಟ್ಟೆಯೇ ಬಂತು.

ಇದು ನಮ್ಮ ಜಗಲಿಯ ವಿಷಯ ಮಾತ್ರವಲ್ಲ. 1898ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಲೇಡಿ ಹಾರ್ಬರ್ಟನ್ ಸೈಕಲ್ ತುಳಿದುಕೊಂಡು ಒಂದು ಹೋಟೆಲಿಗೆ ಹೋದರು. ತೊಟ್ಟದ್ದು ಉದ್ದ ಲಂಗವಲ್ಲ, ಮೊಣಕಾಲ ಕೆಳಗೆ ಕಟ್ಟುವ ದೊಗಲೆ ಚಲ್ಲಣ ಎಂಬ ಕಾರಣಕ್ಕೆ ಅವರನ್ನು ಕಾಫಿ ರೂಮಿಗೆ ಬಿಡಲಿಲ್ಲ. ಕೇಸು ಮರುವರ್ಷ ಕೋರ್ಟಿಗೆ ಹೋಯಿತು, ಹೋಟೆಲಿನವರೇ ಗೆದ್ದರು. ಗಮನಿಸಿ, ಆ ಚಲ್ಲಣ ಸಡಿಲವೇ ಇತ್ತು! ಬಿಗಿ ತೊಟ್ಟ ನನಗೆ ನಮ್ಮ ಹೋಟೆಲಿನಲ್ಲಿ ಗೋಡೆ ಕಡೆಗಾದರೂ ಒಂದು ಕುರ್ಚಿ ಸಿಕ್ಕಿತು. ಇತ್ತ ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಅಕ್ಕ ನಮ್ಮೂರಿನ ಪಕ್ಕದಲ್ಲೇ ಟೀಚರಾಗಿದ್ದಳು. ಚೂಡಿದಾರದ ಹುಡುಗಿಯರು ಸಾಲಾಗಿ ಬರುವುದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದಳಂತೆ. ವೇಲನ್ನು ಹಿಂದಕ್ಕೆ ಗಂಟು ಹಾಕದೆ ಒಬ್ಬಳನ್ನೂ ಸೈಕಲ್ ಹತ್ತಿಸಲಿಲ್ಲವಂತೆ.

ಇನ್ನು ತೀರ್ಪು. ಬಿಗಿ ಬಟ್ಟೆಯವರು ಅದ್ವೈತಿಗಳು: ಮೈ ಬೇರೆ, ಬಟ್ಟೆ ಬೇರೆ ಎಂಬುದು ಅವರಿಗಿಲ್ಲ. ಪೈಜಾಮದವರು ದ್ವೈತಿಗಳು: ಎರಡೂ ಬೇರೆ ಬೇರೆಯೇ, ನಡುವೆ ಗಾಳಿಯಾಡುತ್ತಿರಬೇಕು. ಮೇಲುಕೋಟೆಯ ದಾರಿಯಲ್ಲಿ ಸೈಕಲ್ ತುಳಿದು ನಾನು ಕಂಡುಕೊಂಡದ್ದು ವಿಶಿಷ್ಟಾದ್ವೈತ. ಒಳಗೆ ಪ್ಯಾಡಿನ ಬಿಗಿ ಚಡ್ಡಿ, ಅದರ ಮೇಲೆ ಮೊಣಕಾಲುದ್ದದ ಸಡಿಲ ಚಡ್ಡಿ, ಮೇಲೊಂದು ಹಳೇ ಕಾಟನ್ ಶರ್ಟು. ಬಿಗಿ ಸೀಟಿಗೆ, ಸಡಿಲ ಊರಿಗೆ. ಹಳದಿ ಅಂಗಿ ಈಗ ನನ್ನಾಕೆಯ ವಶದಲ್ಲಿದೆ, ಅದರ ಮೂರು ಜೇಬಿನಲ್ಲಿ ಅವಳು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಇಡುತ್ತಾಳೆ.

ಇಷ್ಟೆಲ್ಲಾ ಖರ್ಚು ಬೇಡ ಎನ್ನುವವರು ಪಂಚೆಯನ್ನೋ ಪೈಜಾಮವನ್ನೋ ತೊಟ್ಟೇ ತುಳಿಯಿರಿ, ನನ್ನ ಅಡ್ಡಿಯಿಲ್ಲ. ಬಲಗಾಲಿನದನ್ನು ಮಾತ್ರ ಮಡಿಚಿ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. ಎಡಗಾಲಿನದು ಹೇಗಿದ್ದರೂ ನಡೆಯುತ್ತದೆ. ಚೈನು ಇರುವುದು ಬಲಕ್ಕೆ.